ವಾಪಸ್ ಬರುವ ಜಾಡಿ

ಹಲ್ಲಿನ ಡಾಕ್ಟರಿಗೆ ಜಾಮ್ ಯಾಕೆ ಬೇಕು, ನೀವೇ ಹೇಳಿ. ಊರಿಗೆಲ್ಲ ಸಿಹಿ ತಿನ್ನಬೇಡಿ ಎಂದು ಬುದ್ಧಿ ಹೇಳುವ ಮನುಷ್ಯ, ಬುಧವಾರ ಹಾಡಹಗಲೇ ಹನ್ನೆರಡು ಜಾಡಿ ಜಾಮ್ ಕಾರಿಗೆ ತುಂಬಿಕೊಂಡು ಹೋಗುತ್ತಾನೆಂದರೆ ಅದಕ್ಕೇನಾದರೂ ಅರ್ಥವಿದೆಯೇ?

ನಾನು ನಮ್ಮ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಹಿಟ್ಟು ನಾದುತ್ತಿದ್ದೆ. ಎದುರುಮನೆಯ ಬಾಗಿಲು ತೆರೆಯಿತು. ಮೊದಲು ಡಾಕ್ಟರನ ಹೊಳೆಯುವ ಬೂಟು ಹೊರಬಂತು, ಆಮೇಲೆ ಅವನ ಹೊಳೆಯುವ ಹಲ್ಲು, ಅವನ ಹಿಂದೆ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಆ ಮನೆಯ ಜಾಮ್ ಮಾಡುವ ಹುಡುಗಿ, ಅವಳು. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು, ಜಾಡಿಗಳು ಅಲ್ಲಾಡದಂತೆ ಸಂದಿಗಳಿಗೆ ಹಳೇ ಪೇಪರ್ ತುರುಕಿದಳು. ಒಂದೊಂದು ಜಾಡಿಗೂ ಬಿಳಿ ಚೀಟಿ, ಚೀಟಿಯ ಮೇಲೆ ಅವಳ ದುಂಡು ಅಕ್ಷರ. ರಸ್ತೆಯ ಈಚೆಯಿಂದ ಓದಲಾಗಲಿಲ್ಲ, ಆದರೆ ಏನು ಬರೆದಿರುತ್ತಾಳೆ ಎಂದು ನನಗೆ ಗೊತ್ತು. ಹಣ್ಣಿನ ಹೆಸರು, ತಾರೀಖು, ಅಷ್ಟೇ. ಅಷ್ಟು ಕೂಡ ಅವಳು ನನಗೆ ಕೊಟ್ಟ ಒಂದು ಜಾಡಿಯ ಮೇಲೂ ಇವತ್ತಿನವರೆಗೆ ಬಂದಿಲ್ಲ.

"ಹಿಟ್ಟಿನ ಮೇಲೆ ಯಾಕೋ ಸಿಟ್ಟು?" ಅಕ್ಕ ಹಿಂದಿನಿಂದ ಕೇಳಿದಳು. "ಅದೇನು ಮಾಡ್ತು ನಿಂಗೆ?"

"ನಾದ್ತಿದ್ದೀನಿ."

"ನಾದ್ತಿಲ್ಲ ಬನ್ನು, ಹೊಡೀತಿದ್ದೀಯ."

ಬನ್ನು ಎಂದರೆ ನಾನು. ಹುಟ್ಟಿದಾಗ ಕೆನ್ನೆ ಬನ್ನಿನ ಹಾಗಿತ್ತಂತೆ. ಈಗ ಮೂವತ್ತೆರಡು ವರ್ಷ, ಬ್ರೆಡ್ ಮಾಡುವುದೇ ಕಸುಬು, ಇನ್ನು ಆ ಹೆಸರು ನನ್ನನ್ನು ಬಿಟ್ಟು ಹೋಗುವ ಆಸೆಯಿಲ್ಲ. ಅಕ್ಕ, ಭಾವ, ನಾನು, ಮೂರೇ ಜನರ ಮನೆ. ಭಾವ ಬಸ್ ಓಡಿಸುತ್ತಾನೆ, ಅಕ್ಕ ಭಾವನನ್ನು ಓಡಿಸುತ್ತಾಳೆ, ನಾನು ವಾರಕ್ಕೆ ನಾಲ್ಕು ದಿನ ಮನೆಯ ಓವನ್‌ನಲ್ಲೇ ಬ್ರೆಡ್ ಬೇಯಿಸಿ ಬೀದಿಯ ಮನೆಗಳಿಗೆ ಕೊಟ್ಟು ಬರುತ್ತೇನೆ.

"ಹನ್ನೆರಡು ಜಾಡಿ ಅಕ್ಕ! ಹನ್ನೆರಡು! ಒಬ್ಬನೇ ಮನುಷ್ಯ ಅಷ್ಟು ಜಾಮ್ ಇಟ್ಕೊಂಡು ಏನ್ಮಾಡ್ತಾನೆ, ಗೋಡೆಗೆ ಬಳೀತಾನಾ?"

ಅಕ್ಕ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿಂಗೆ ವಿಷಯ ಗೊತ್ತಿಲ್ಲ ಅನ್ಸುತ್ತೆ. ಡಾಕ್ಟ್ರು ಅವಳನ್ನ ಮದುವೆ ಆಗ್ತೀಯಾ ಅಂತ ಕೇಳಿದಾರಂತೆ. ಎದುರುಮನೆ ಅಜ್ಜೀನೇ ಹೇಳಿದ್ರು. ಭಾನುವಾರ ಸಾಯಂಕಾಲ ನಾಲ್ಕಕ್ಕೆ ಅಜ್ಜಿಗೆ ಹೊಸ ಹಲ್ಲಿನ ಸೆಟ್ ಕೂರ್ಸೋಕೆ ಬರ್ತಾರಲ್ಲ, ಅವತ್ತು ಉತ್ತರ ಬೇಕು ಅಂದಿದಾರಂತೆ."

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಲಗೆಯ ಮೇಲೆ ಧೊಪ್ಪನೆ ಬಿತ್ತು.

"ಅವಳು ಏನಂದ್ಲಂತೆ?"

"ಅದು ಅಜ್ಜಿಗೂ ಗೊತ್ತಿಲ್ಲ. ಅಲ್ಲ ಕಣೋ, ಒಂದು ವರ್ಷದಿಂದ ಆ ಮನೆ ಹೊಸ್ತಿಲು ಸವೆಸ್ತಿದ್ದೀಯಲ್ಲ, ಒಂದು ಮಾತು ಕೇಳೋಕೆ ಏನು, ಬಾಯಲ್ಲಿ ಹಿಟ್ಟು ತುಂಬ್ಕೊಂಡಿದ್ಯಾ?"

ನನ್ನ ಕೆಳಗಿನ ಸಾಲಿನ ಎಡಗಡೆಯ ದವಡೆ ಹಲ್ಲೊಂದು ಚುಳುಕ್ ಎಂದಿತು. ಎರಡು ತಿಂಗಳಿಂದ ಅದು ಹೀಗೇ, ಸಿಹಿ ತಾಗಿದರೆ ಸಾಕು ನೋಯುತ್ತದೆ. ಈ ಬೀದಿಗೆ ಇರುವುದು ಒಬ್ಬನೇ ಹಲ್ಲಿನ ಡಾಕ್ಟರ್. ಅವನ ಮುಂದೆ ಬಾಯಿ ತೆರೆಯುವುದಕ್ಕಿಂತ ಹಲ್ಲು ಉದುರಿಹೋಗುವುದೇ ಮೇಲು ಎಂದು ನಾನು ಸುಮ್ಮನಿದ್ದೆ.

ಒಂದು ವರ್ಷದ ಹಿಂದೆ ನಾನು ಆ ಮನೆಯ ಬಾಗಿಲು ತಟ್ಟಿದ್ದು ಒಂದು ಖಾಲಿ ಜಾಡಿಗಾಗಿ. ನಾನು ಅಂಗಡಿಯ ಯೀಸ್ಟ್ ಹಾಕುವವನಲ್ಲ. ಹಿಟ್ಟು, ನೀರು ಕಲಸಿ ಹುಳಿ ಬರಿಸಿದ ಹುದುಗನ್ನು ಜಾಡಿಯಲ್ಲಿಟ್ಟು, ದಿನವೂ ಅದಕ್ಕೆ ಊಟ ಹಾಕಿ ಸಾಕುತ್ತೇನೆ. ಆ ದಿನ ಭಾವನ ಮೊಣಕೈ ತಾಗಿ ಜಾಡಿ ಚೂರುಚೂರಾಯಿತು. ಚಮಚಕ್ಕೆ ಅಂಟಿಕೊಂಡಿದ್ದ ಹುದುಗಷ್ಟೇ ಉಳಿದಿತ್ತು. ಅದನ್ನೇ ಅಂಗೈಗೆ ಹಾಕಿಕೊಂಡು ರಸ್ತೆ ದಾಟಿದ್ದೆ.

ಬಾಗಿಲು ತೆರೆದವಳ ಹಣೆಗೆ ಆವಿಯಲ್ಲಿ ಒದ್ದೆಯಾದ ಕೂದಲು ಅಂಟಿತ್ತು. ಕೈಯಲ್ಲಿ ಉದ್ದನೆಯ ಮರದ ಸೌಟು.

"ಏನದು ಕೈಯಲ್ಲಿ?"

"ಹುದುಗು. ಜೀವ ಇದೆ. ಬೇಗ ಒಂದು ಜಾಡಿ ಕೊಡ್ತೀರಾ?"

ಅವಳು ನನ್ನ ಅಂಗೈ ನೋಡಿದಳು, ಮುಖ ನೋಡಿದಳು, ಮತ್ತೆ ಅಂಗೈ ನೋಡಿದಳು. ನಗು ಬಂದರೂ ನಗಬಾರದು ಎಂದು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡಳು.

"ಕೊಡ್ತೀನಿ. ಆದ್ರೆ ಜಾಡಿ ವಾಪಸ್ ಬರ್ಬೇಕು."

"ಜಾಡಿ ಮಾತ್ರ ಬರ್ಬೇಕಾ, ನಾನೂ ಬರ್ಬೇಕಾ?"

"ಜಾಡಿಗೆ ಕಾಲಿಲ್ವಲ್ಲ," ಎಂದು ಹೇಳಿ ಒಳಗೆ ಹೋದಳು.

ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅವಳು ತನ್ನ ಅಜ್ಜಿಯ ಜೊತೆ ಆ ಮನೆಯಲ್ಲಿ ಜಾಮ್ ಮಾಡುತ್ತಾಳೆ. ಪ್ಲಮ್, ಸೇಬು, ಕಿತ್ತಳೆ, ಯಾವ ಕಾಲಕ್ಕೆ ಯಾವ ಹಣ್ಣೋ ಅದು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಡುತ್ತಾಳೆ, ತೋರುಬೆರಳಿನಿಂದ ಮೆಲ್ಲಗೆ ದೂಡುತ್ತಾಳೆ. ಹನಿ ಸುಕ್ಕುಗಟ್ಟಿದರೆ ಹದ ಬಂತು. "ನೋಡು, ಬಂತಾ?" ಎಂದು ಒಮ್ಮೆ ತಟ್ಟೆಯನ್ನು ನನ್ನ ಮುಖದ ಹತ್ತಿರ ಹಿಡಿದಳು. ನಾನು ಹನಿ ನೋಡಲಿಲ್ಲ, ಬೆರಳು ನೋಡಿದೆ. ಬೆರಳಿನಿಂದ ಕಣ್ಣು ಮೇಲೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. "ಬಂತು," ಎಂದೆ. "ಯಾವ್ದು?" ಎಂದಳು. ಒಲೆಯ ಮೇಲೆ ಜಾಮ್ ತಳ ಹಿಡಿಯಿತು. ಅಜ್ಜಿ ಹಜಾರದಿಂದ "ಏನೋ ಸೀದ ವಾಸನೆ" ಎಂದು ಕೂಗಿದರು.

ಜಾಡಿಯ ಮುಚ್ಚಳದ ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಕಿಚ್ಚು ನಿಮಗೆ ಅರ್ಥವಾಗುವುದಿಲ್ಲ. ಬಿಸಿ ಜಾಮನ್ನು ಜಾಡಿಗೆ ತುಂಬಿ, ಮುಚ್ಚಳ ಹಾಕಿ, ಇಡೀ ಜಾಡಿಯನ್ನೇ ದೊಡ್ಡ ಪಾತ್ರೆಯ ಕುದಿನೀರಿನಲ್ಲಿ ಮುಳುಗಿಸುತ್ತಾಳೆ. ಹೊರತೆಗೆದು ಬಟ್ಟೆಯ ಮೇಲಿಟ್ಟರೆ, ಆರುತ್ತ ಆರುತ್ತ ಮುಚ್ಚಳದ ನಡುಭಾಗ ಒಳಕ್ಕೆ ಜಗ್ಗಿ 'ಟಕ್' ಎನ್ನುತ್ತದೆ. ಟಕ್ ಎಂದರೆ ಮುಚ್ಚಳ ಕೂತಿತು. ಆ ಜಾಡಿ ಒಂದು ವರ್ಷ ಕೆಡುವುದಿಲ್ಲ, ಅದಕ್ಕೆ ಚೀಟಿ ಅಂಟಿಸಿ ಮೇಲಿನ ಶೆಲ್ಫಿನಲ್ಲಿಡುತ್ತಾಳೆ. ಟಕ್ ಎನ್ನದ ಜಾಡಿಯನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ತಿಂದು ಮುಗಿಸಬೇಕು.

ನನಗೆ ಸಿಗುತ್ತಿದ್ದದ್ದು ಟಕ್ ಎನ್ನದ್ದು. ಪ್ರತಿ ಶನಿವಾರ ಬ್ರೆಡ್ ಕೊಡಲು ಹೋದಾಗ ಒಂದು ಜಾಡಿ ಸಿದ್ಧವಾಗಿರುತ್ತಿತ್ತು. "ಇದರ ಮುಚ್ಚಳ ಕೂತಿಲ್ಲ, ನಿಂಗೇ ಇರ್ಲಿ. ಬೇಗ ಮುಗ್ಸಿ ಜಾಡಿ ತಂದ್ಕೊಡು" ಎನ್ನುತ್ತಿದ್ದಳು. ಒಂದು ವರ್ಷ ನಾನು ಕುಣಿಕುಣಿದುಕೊಂಡು ತಂದು, ಅಕ್ಕನ ಜೊತೆ ಮುಗಿಸಿ, ತೊಳೆದು ವಾಪಸ್ ಕೊಟ್ಟೆ. ಬುಧವಾರ ಆ ಹನ್ನೆರಡು ಚೀಟಿ ನೋಡಿದ ಮೇಲೆ ತಿಂದ ಜಾಮೆಲ್ಲ ಹೊಟ್ಟೆಯಲ್ಲಿ ಬೆಂಕಿಯಾಯಿತು. ಅವನಿಗೆ ಒಳ್ಳೆಯದು, ನನಗೆ ಫೇಲಾದದ್ದು!

ಗುರುವಾರ ಬ್ರೆಡ್ ಕೊಡಲು ಹೋದೆ. ಬ್ರೆಡ್ಡನ್ನು ಓವನ್‌ಗೆ ಹಾಕುವ ಮುಂಚೆ ಮೇಲೆ ಬ್ಲೇಡಿನಿಂದ ಗೀರಬೇಕು, ಇಲ್ಲದಿದ್ದರೆ ಎಲ್ಲೆಂದರಲ್ಲಿ ಬಿರಿಯುತ್ತದೆ. ನನ್ನ ಕೈ ಈ ಕೆಲಸದಲ್ಲಿ ಪಳಗಿದ ಕೈ. ಸಂಗೀತದ ಟೀಚರ್‌ಗೆ ಎಲೆ, ಮೂಲೆಮನೆಯವರಿಗೆ ಗೋಧಿಯ ತೆನೆ. ಅವಳ ಬ್ರೆಡ್ಡಿಗೆ ಮಾತ್ರ ಯಾವತ್ತೂ ಒಂದೇ ಒಂದು ಗೀರು, ಅದೂ ಸೊಟ್ಟ.

ಒಳಗೆ ಕಾಲಿಟ್ಟರೆ ಡಾಕ್ಟರ್! ಅಜ್ಜಿಗೆ ಅವನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಅವನೇ ಮನೆಗೆ ಬರುತ್ತಾನೆ. ಬಂದವನು ಹಲ್ಲಿನ ಅಳತೆ ತೆಗೆದುಕೊಂಡು ಹೋಗಬೇಕು ತಾನೆ? ಇಲ್ಲ, ಊಟದ ಮೇಜಿನ ಮುಂದೆ ಆರಾಮಾಗಿ ಕೂತು, ಮಂಗಳವಾರ ನಾನು ಕೊಟ್ಟಿದ್ದ ಬ್ರೆಡ್ಡಿಗೆ ಅವಳ ಕಿತ್ತಳೆ ಜಾಮ್ ಸವರಿ ತಿನ್ನುತ್ತಿದ್ದ.

"ಓಹೋ, ಬ್ರೆಡ್ ಮಾಡೋರು ನೀವೇನಾ? ರುಚಿ ಚೆನ್ನಾಗಿದೆ," ಎಂದ. "ಅಂಚು ಮಾತ್ರ ಸ್ವಲ್ಪ ಗಟ್ಟಿ. ಹಲ್ಲಿಗೆ ಒಳ್ಳೇದಲ್ಲ."

"ಜಾಮ್ ಒಳ್ಳೇದಾ ಹಲ್ಲಿಗೆ?"

ಅವನು ಗಟ್ಟಿಯಾಗಿ ನಕ್ಕ. ಮೂವತ್ತೆರಡೂ ಕಂಡವು, ಒಂದರಲ್ಲೂ ಹುಳುಕಿಲ್ಲ. ಅವಳು ಸಿಂಕಿನ ಹತ್ತಿರ ನಿಂತು ಜಾಡಿಗಳನ್ನು ಒರೆಸುತ್ತ, ಬಟ್ಟೆಯ ಮೇಲಿಂದ ನನ್ನ ಕಡೆ ಒಂದು ನೋಟ ಎಸೆದಳು. ಹುಬ್ಬು ಸ್ವಲ್ಪ ಮೇಲೇರಿತ್ತು, ತುಟಿಯ ತುದಿ ತಡೆದುಕೊಂಡಿತ್ತು. ಬೇರೆ ದಿನವಾಗಿದ್ದರೆ ಆ ಒಂದು ನೋಟವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಅವತ್ತು, ಅವನ ಮುಂದೆ ನನ್ನನ್ನು ನೋಡಿ ನಗುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಬ್ರೆಡ್ ಮೇಜಿನ ಮೇಲಿಟ್ಟು, ಮುಖ ಊದಿಸಿಕೊಂಡು ಬಂದುಬಿಟ್ಟೆ.

ಶುಕ್ರವಾರವೆಲ್ಲ ಕಿಟಕಿಗೆ ಅಂಟಿಕೊಂಡಿದ್ದೆ. ಒಂದು ಟ್ರೇ ಬ್ರೆಡ್ ಕರಿಕಲಾಯಿತು. ಭಾವ ಅದರಲ್ಲೊಂದನ್ನು ಎತ್ತಿ, ತಟ್ಟಿ ನೋಡಿ, "ಬಸ್ಸಿನ ಚಕ್ರಕ್ಕೆ ಅಡ್ಡ ಕೊಡಬಹುದು" ಎಂದ.

ಶನಿವಾರ ಹೋದಾಗ ಅವಳು ಅಡುಗೆಮನೆಯಲ್ಲಿ ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದಳು. ಬೆರಳೆಲ್ಲ ಕೆಂಪು. ನನ್ನನ್ನು ನೋಡಿದ್ದೇ ಕೈ ತೊಳೆದು, ಫ್ರಿಜ್ಜಿನಿಂದ ಜಾಡಿ ತೆಗೆದಳು.

"ಇದರ ಮುಚ್ಚಳ ಕೂತಿಲ್ಲ, ನಿಂಗೇ ಇರ್ಲಿ."

"ಬೇಡ."

"ಏನು?"

"ಬೇಡ ಅಂದೆ. ಮುಚ್ಚಳ ಕೂತಿರೋದೆಲ್ಲ ಡಾಕ್ಟರಿಗೆ, ಕೂರದೇ ಇರೋದು ನಂಗೆ. ಅವನಿಗೆ ಚೀಟಿ, ತಾರೀಖು, ಕಾರಿನ ತನಕ ಮೆರವಣಿಗೆ. ನಂಗೆ ಒಂದು ವರ್ಷದಿಂದ ಫೇಲಾದ ಜಾಡಿ. ಈ ಮನೇಲಿ ಉಳಿದಿದ್ದು ಪಳಿದಿದ್ದು ಖಾಲಿ ಮಾಡೋಕೆ ಇದ್ದೀನಾ ನಾನು?"

ಅವಳು ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟಳು. "ನಿಂಗೆ ಹಾಗನ್ಸುತ್ತಾ?"

"ಕಣ್ಣಿಗೆ ಕಾಣ್ತಿದೆಯಲ್ಲ."

"ಒಂದು ವರ್ಷದಿಂದ ಪ್ರತಿ ವಾರ ಒಂದೇ ಒಂದು ಜಾಡಿ ಫೇಲಾಗುತ್ತೆ. ಎರಡಲ್ಲ, ಮೂರಲ್ಲ, ಒಂದೇ. ಅದರಿಂದ ನಿಂಗೇನೂ ಅನ್ಸೇ ಇಲ್ವಾ?"

"ಅನ್ಸುತ್ತೆ. ನಿನ್ನ ಕೆಲಸದಲ್ಲಿ ಅಚ್ಚುಕಟ್ಟಿಲ್ಲ ಅನ್ಸುತ್ತೆ."

ಈ ಮಾತನ್ನು ಆಡಿದ ಬಾಯಿಗೆ ಯಾವ ಡಾಕ್ಟರನೂ ಔಷಧಿ ಕೊಡಲಾರ. ಅವಳ ಮುಖದಲ್ಲಿ ಏನೋ ಆರಿಹೋಯಿತು. ಜಗಳವಾಡುತ್ತಾಳೆ, ಸೌಟು ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಟೂಲ್ ಎಳೆದು ಹತ್ತಿ, ಮೇಲಿನ ಶೆಲ್ಫಿನಿಂದ ದೊಡ್ಡ ಪ್ಲಮ್ ಜಾಡಿಯೊಂದನ್ನು ಇಳಿಸಿದಳು. ಮುಚ್ಚಳ ಒಳಕ್ಕೆ ಜಗ್ಗಿ ಗಟ್ಟಿಯಾಗಿ ಕೂತಿತ್ತು. ಬಿಳಿ ಚೀಟಿ, ದುಂಡು ಅಕ್ಷರ, ತಾರೀಖು, ಎಲ್ಲವೂ ಇತ್ತು.

"ತಗೋ. ಒಂದು ವರ್ಷ ಕೆಡಲ್ಲ."

"ಜಾಡಿ ಯಾವಾಗ ತಂದ್ಕೊಡ್ಲಿ?"

"ವಾಪಸ್ ಬೇಡ. ಇಟ್ಕೋ."

ನಾನು ಗೆದ್ದೆ ಎಂದುಕೊಂಡೆ. ನಿಜವಾಗಿಯೂ! ರಸ್ತೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಜಾಡಿಯನ್ನು ಎದೆಯ ಮುಂದೆ ಹಿಡಿದುಕೊಂಡು ಬಂದೆ. ಕಿಟಕಿಯ ಪಕ್ಕದ ಗೂಡಿನಲ್ಲಿ ಇಟ್ಟು, ಚೀಟಿ ಮುಂದೆ ಬರುವ ಹಾಗೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ.

"ವಾಪಸ್ ಬೇಡ ಅಂದ್ಲಾ?" ಅಕ್ಕ ಕೇಳಿದಳು.

"ಹೂಂ. ಇಟ್ಕೋ ಅಂದ್ಲು."

ಅಕ್ಕ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ, "ಚೆನ್ನಾಗಿದೆ, ಇಟ್ಕೋ" ಎಂದು ಸುಮ್ಮನಾದಳು. ಅಕ್ಕ ಸುಮ್ಮನಾಗುವುದು ವರ್ಷಕ್ಕೆ ಒಂದೋ ಎರಡೋ ಸಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಭಾನುವಾರ ಮಧ್ಯಾಹ್ನ ಅಜ್ಜಿಗಾಗಿಯೇ ಮಾಡಿದ ಬ್ರೆಡ್ ತೆಗೆದುಕೊಂಡು ಹೋದೆ. ಹೊಸ ಹಲ್ಲು ಬಂದ ತಕ್ಷಣ ಗಟ್ಟಿ ಅಂಚು ಕಡಿಯಬೇಕೆಂದು ಅವರೇ ಹೇಳಿದ್ದರು. ಅವಳು ಮನೆಯಲ್ಲಿರಲಿಲ್ಲ, ಹಣ್ಣು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಆಗಷ್ಟೇ ಕುದಿನೀರಿನಿಂದ ತೆಗೆದ ಪ್ಲಮ್ ಜಾಡಿಗಳನ್ನು ಸಾಲಾಗಿ ಇಟ್ಟಿದ್ದಳು. ಅಜ್ಜಿ ಪಕ್ಕದ ಕುರ್ಚಿಯಲ್ಲಿ ಕೂತು, ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು.

ಟಕ್.

"ಹದಿನೇಳು," ಎಂದರು ಅಜ್ಜಿ. "ಕೂತ್ಕೋ ಬನ್ನು. ಮಾತಾಡ್ಬೇಡ, ಲೆಕ್ಕ ತಪ್ಪುತ್ತೆ."

ಟಕ್. ಟಕ್. ನಾನು ಕೂತು ಕೇಳಿದೆ. ಹಿಂದೆ ಬಿದ್ದಿದ್ದ ಒಂದು ಜಾಡಿ ನಮ್ಮಿಬ್ಬರನ್ನೂ ಕಾಯಿಸಿ ಕಾಯಿಸಿ ಕೊನೆಗೆ ಟಕ್ ಎಂದಿತು.

"ಇಪ್ಪತ್ನಾಲ್ಕು. ಎಲ್ಲಾ ಕೂತ್ವು."

"ಒಂದೂ ಫೇಲಾಗಿಲ್ವಾ ಅಜ್ಜಿ?"

"ಫೇಲಾ?" ಅಜ್ಜಿಗೆ ಬೇಜಾರಾದಂತೆ ಕಂಡಿತು. "ನಾನು ಕಲಿಸಿದ ಕೈ ಅದು. ಆರು ವರ್ಷದಲ್ಲಿ ಎರಡು ಮುಚ್ಚಳ ಕೂತಿಲ್ಲ, ಅದೂ ಮುಚ್ಚಳದ್ದೇ ತಪ್ಪು."

"ಮತ್ತೆ ನಂಗೆ ಪ್ರತಿ ವಾರ ಕೊಡ್ತಿದ್ಲಲ್ಲ..."

"ಓ, ಅದಾ? ಅದನ್ನ ನೀರಿಗೇ ಹಾಕ್ತಿರಲಿಲ್ಲ. ಪಾತ್ರೇಲಿ ಜಾಗ ಇದ್ರೂ ಒಂದು ಜಾಡೀನ ಬೇರೆ ಎತ್ತಿಡ್ತಿದ್ಲು. ಯಾಕೇ, ಇದನ್ಯಾಕೆ ಬಿಟ್ಟೆ ಅಂತ ಕೇಳ್ದೆ ಒಂದ್ಸಲ. 'ಅದು ವಾಪಸ್ ಬರೋ ಜಾಡಿ ಅಜ್ಜಿ' ಅಂದ್ಲು. ಕುದಿಸಿ ಕೊಟ್ರೆ ಒಂದು ವರ್ಷ ಮೂಲೇಲಿಟ್ಟು ಮರೆತುಬಿಡ್ತಾರಂತೆ. ಹೀಗೆ ಕೊಟ್ರೆ ವಾರದೊಳಗೆ ತಿನ್ನಲೇಬೇಕು, ಜಾಡಿ ತರಲೇಬೇಕು." ಅಜ್ಜಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. ಆಮೇಲೆ ಸಾಲಾಗಿ ನಿಂತ ಜಾಡಿಗಳನ್ನು ನೋಡಿ ನಗು ನಿಲ್ಲಿಸಿದರು. "ಇವತ್ತು ಮಾತ್ರ ಒಂದೂ ಎತ್ತಿಡ್ಲಿಲ್ಲ. ಇಪ್ಪತ್ನಾಲ್ಕನ್ನೂ ನೀರಿಗೆ ಹಾಕಿದ್ಲು. ಏನು ನಡೀತೋ ನಿಮ್ಮಿಬ್ಬರ ಮಧ್ಯೆ?"

ನಾನು ಇಂಗು ತಿಂದ ಮಂಗನಂತೆ ಕೂತೆ. ಒಂದು ವರ್ಷ, ಐವತ್ತು ಜಾಡಿ. ಐವತ್ತು ಸಲ ಅವಳು ನನ್ನನ್ನು ಬಾ ಎಂದು ಕರೆದಿದ್ದಾಳೆ. ನಾನು ಅವಳಿಗೆ ಕೆಲಸ ಬರುವುದಿಲ್ಲ ಎಂದಿದ್ದೇನೆ! ಗೂಡಿನಲ್ಲಿ ಚೀಟಿ ಮುಂದೆ ಮಾಡಿ ಮೆರೆಸಿಟ್ಟಿರುವ ಆ ಪ್ಲಮ್ ಜಾಡಿ ನೆನಪಾಯಿತು. ಒಂದು ವರ್ಷ ಕೆಡಲ್ಲ. ವಾಪಸ್ ಬೇಡ. ಅಂದರೆ ಇನ್ನು ಈ ಕಡೆ ಬರಬೇಡ ಎಂದು ಹೇಳಿದ್ದಳು. ಸಾಯಂಕಾಲ ನಾಲ್ಕಕ್ಕೆ ಡಾಕ್ಟರ್ ಬರುತ್ತಾನೆ, ಉತ್ತರ ಕೇಳುತ್ತಾನೆ.

"ಎಲ್ಲಿಗೋ?" ಎಂದರು ಅಜ್ಜಿ. ನಾನು ಆಗಲೇ ರಸ್ತೆಯಲ್ಲಿದ್ದೆ.

ಮನೆಗೆ ಬಂದು ಜಾಡಿಯನ್ನು ಗೂಡಿನಿಂದ ಇಳಿಸಿದೆ. ಮುಚ್ಚಳ ಕೈಗೆ ಬರಲಿಲ್ಲ. ಒಂದು ವರ್ಷದಲ್ಲಿ ನಾನು ಒಂದೂ ಮುಚ್ಚಳವನ್ನು ಹೀಗೆ ಎಬ್ಬಿಸಿರಲಿಲ್ಲ, ಬೆರಳು ತಾಗಿದರೆ ಬಿಚ್ಚಿಕೊಳ್ಳುತ್ತಿದ್ದವು. ಚಮಚದ ಹಿಡಿ ತೂರಿಸಿ ಮೀಟಿದೆ. ಪುಸ್ಸೆಂದು ಗಾಳಿ ಒಳನುಗ್ಗಿತು.

"ಅದೇನೋ ಮಾಡ್ತಿದ್ದೀಯ? ಒಂದು ವರ್ಷ ಇಡಬಹುದಾಗಿದ್ದನ್ನ!" ಅಕ್ಕ ಓಡಿಬಂದಳು.

"ಇವತ್ತೇ ಮುಗೀಬೇಕು. ನಾಲ್ಕು ಗಂಟೆಗೆ ಮುಂಚೆ ಜಾಡಿ ವಾಪಸ್ ಹೋಗ್ಬೇಕು. ಅಕ್ಕ, ಬ್ರೆಡ್ ಕೊಯ್ಯಿ. ಭಾವಾ, ಬಾ ಇಲ್ಲಿ."

ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಒಂದು ಕೈ ಹಣೆಗೆ ಹೊಡೆದುಕೊಂಡು, ಇನ್ನೊಂದು ಕೈಯಲ್ಲಿ ಚಾಕು ತೆಗೆದುಕೊಂಡಳು. "ಎಂಥಾ ಪೆದ್ದ ಹುಟ್ಟಿದ್ಯೋ ನನ್ನ ಬೆನ್ನಿಗೆ! ಅಷ್ಟೂ ತಿನ್ನೋಕಾಗುತ್ತಾ? ಒಂದು ಬಟ್ಟಲಿಗೆ ಸುರಿದುಬಿಡು, ಜಾಡಿ ಖಾಲಿ ಆಗುತ್ತಲ್ಲ."

"ಅದು ಮೋಸ."

"ಯಾರು ನೋಡ್ತಾರೆ?"

"ಅವಳು ಕೇಳ್ತಾಳೆ. ಕೇಳಿದ್ರೆ ನನ್ನ ಮುಖಾನೇ ಹೇಳುತ್ತೆ."

ಭಾವನಿಗೆ ಶುಗರ್ ಇದೆ. ಅವನಿಗೆ ಮನೆಯಲ್ಲಿ ಸಿಹಿಯ ಹೆಸರೂ ಎತ್ತುವ ಹಾಗಿಲ್ಲ. "ನನ್ನ ಭಾವಮೈದನ ಬದುಕಿನ ಪ್ರಶ್ನೆ" ಎಂದು ಗಂಭೀರವಾಗಿ ಹೇಳಿ ಕೈ ಚಾಚಿದ. ಅಕ್ಕ ಅಳೆದು ಒಂದೇ ಒಂದು ಚಮಚ ಕೊಟ್ಟಳು. ಅದನ್ನೇ ಅವನು ಕಣ್ಣು ಮುಚ್ಚಿಕೊಂಡು ಕಾಲು ಗಂಟೆ ತಿಂದ. ಅಕ್ಕ ನಾಲ್ಕು ತುಂಡು ಬ್ರೆಡ್ಡಿಗೆ ಸೋತು ಕೂತಳು. ಉಳಿದದ್ದೆಲ್ಲ ನನ್ನದು. ಆರನೆಯ ತುಂಡಿಗೆ ದವಡೆಯ ಹಲ್ಲು ಕೂಗತೊಡಗಿತು. ಹತ್ತನೆಯ ತುಂಡಿಗೆ ಕಣ್ಣಲ್ಲಿ ನೀರು. ಕೊನೆಗೆ ಜಾಡಿಯ ಗೋಡೆಗೆ ಅಂಟಿದ್ದನ್ನು ಬ್ರೆಡ್ಡಿನ ಅಂಚಿನಿಂದ ಬಳಿದು ತಿಂದು, ಬಿಸಿನೀರಿನಲ್ಲಿ ತೊಳೆದು, ಒರೆಸಿದೆ. ಮೂರೂ ಐವತ್ತೆಂಟು. ಎಡಗೆನ್ನೆ ನಿಜವಾಗಿಯೂ ಬನ್ನಿನ ಹಾಗಾಗಿತ್ತು.

ಎದುರುಮನೆಯ ಮುಂದೆ ಡಾಕ್ಟರನ ಕಾರು ನಿಂತಿತ್ತು. ಬೇಗನೆ ಬಂದಿದ್ದಾನೆ ಪುಣ್ಯಾತ್ಮ! ಬಾಗಿಲು ತಟ್ಟಿದೆ. ಅವಳೇ ತೆರೆದಳು. ನನ್ನ ಮುಖ ನೋಡಿದಳು, ಕೈ ನೋಡಿದಳು, ಮತ್ತೆ ಮುಖ ನೋಡಿದಳು. ಈ ಸಲ ತುಟಿ ಕಚ್ಚಿ ನಗು ತಡೆಯುವ ಗುರುತೇ ಇರಲಿಲ್ಲ.

"ಜಾಡಿ," ಎಂದೆ. "ವಾಪಸ್ ತಂದೆ."

ಅವಳು ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಒಳಗಿದ್ದಿದ್ದು?"

"ತಿಂದೆ. ಅಕ್ಕ ಸ್ವಲ್ಪ, ಭಾವ ಒಂದು ಚಮಚ. ಉಳಿದಿದ್ದು ನಾನೇ."

"ಅದು ಒಂದು ವರ್ಷ ಕೆಡದೇ ಇರೋದು."

"ನಂಗೆ ಒಂದು ವರ್ಷ ಆಗಲ್ಲ. ಒಂದು ದಿನಾನೂ ಆಗಲ್ಲ." ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. "ಅಜ್ಜಿ ಎಲ್ಲಾ ಹೇಳಿದ್ರು. ನಾನು ಹೇಳಿದ್ದು ತಪ್ಪು. ನಿನ್ನ ಕೆಲಸದಷ್ಟು ಅಚ್ಚುಕಟ್ಟಾದ ಕೆಲಸ ನಾನೆಲ್ಲೂ ನೋಡಿಲ್ಲ. ಹೊಟ್ಟೆಕಿಚ್ಚಲ್ಲಿ ಕಣ್ಣು ಕಾಣ್ಲಿಲ್ಲ ನಂಗೆ. ನಂಗೆ ಚೀಟಿ ಬೇಡ, ತಾರೀಖು ಬೇಡ, ನೀನು ಬೇಕು. ಡಾಕ್ಟರಿಗೆ ಹೂಂ ಅನ್ಬೇಡ."

ಅವಳು ಜಾಡಿಯ ಬಾಯಿಯ ಸುತ್ತ ಬೆರಳು ಆಡಿಸುತ್ತಿದ್ದಳು.

"ಬುಧವಾರಾನೇ ಇಲ್ಲ ಅಂದೆ ಅವರಿಗೆ. ಅದಕ್ಕೇ ಹನ್ನೆರಡು ಜಾಡಿ ಕೊಟ್ಟಿದ್ದು. ಒಂದು ವರ್ಷ ಜಾಮ್ ಬೇಕು ಅಂತಾನೂ ಈ ಕಡೆ ಬರೋ ಹಾಗಿರಬಾರ್ದು ಅಂತ. ಇವತ್ತು ಬಂದಿರೋದು ಅಜ್ಜಿ ಹಲ್ಲಿಗೆ ಮಾತ್ರ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಿಂಗೊಬ್ಬನಿಗೇ ಅಂದ್ಕೊಂಡ್ಯಾ ಹೊಟ್ಟೆ ಉರಿಯೋದು?" ಈಗ ಅವಳ ಧ್ವನಿ ಏರಿತು. ಏರಿದ್ದಕ್ಕೆ ನನಗೆ ಜೀವ ಬಂತು. "ಆ ಸಂಗೀತದ ಟೀಚರ್ ಬ್ರೆಡ್ ಮೇಲೆ ಎಲೆ ಬರೀತೀಯ, ನರ ನರ ಎಲ್ಲಾ ಕಾಣೋ ಹಾಗೆ. ಅವಳು ಅದನ್ನ ಬೀದಿಗೆಲ್ಲ ತೋರಿಸ್ಕೊಂಡು ಬರ್ತಾಳೆ. ನಂಗೇನು? ಒಂದು ಸೊಟ್ಟ ಗೀರು. ಒಂದು ವರ್ಷದಿಂದ ನೋಡ್ತಿದ್ದೀನಿ."

"ನಿನ್ನ ಬ್ರೆಡ್ಡಿಗೆ ಬ್ಲೇಡ್ ಇಟ್ರೆ ಕೈ ನಡುಗುತ್ತೆ."

"ಸುಳ್ಳು."

ಕೈ ಚಾಚಿ ತೋರಿಸಿದೆ. ನಡುಗುತ್ತಿತ್ತು. ಅವಳು ಅದನ್ನು ನೋಡಿದಳು, ತೀರಾ ಹತ್ತಿರದಿಂದ, ತಟ್ಟೆಯ ಮೇಲಿನ ಹನಿ ನೋಡುವ ಹಾಗೆ. ಆಮೇಲೆ ಪ್ಲಮ್ಮಿನಿಂದ ಕೆಂಪಾಗಿದ್ದ ತನ್ನ ಬೆರಳುಗಳಲ್ಲಿ ಅದನ್ನು ಹಿಡಿದುಕೊಂಡಳು. ನಡುಕ ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು.

"ಕೆನ್ನೆ ಯಾಕೆ ಹೀಗಾಗಿದೆ?" ಎಂದು ಕೇಳಿದಳು, ಮೆಲ್ಲಗೆ.

"ಹಲ್ಲು."

"ಹಲ್ಲು ನೋವಿಟ್ಕೊಂಡು ಇಡೀ ಜಾಡಿ ತಿಂದ್ಯಾ? ಬಾ ಒಳಗೆ."

"ಬೇಡ ಬೇಡ, ಅವನ ಹತ್ರ ಮಾತ್ರ..."

ಕೇಳುವವರು ಯಾರು? ನನ್ನನ್ನು ಎಳೆದುಕೊಂಡು ಹೋಗಿ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಅಜ್ಜಿ ಕನ್ನಡಿ ಹಿಡಿದು ಹೊಸ ಹಲ್ಲು ನೋಡಿಕೊಳ್ಳುತ್ತಿದ್ದರು. ಡಾಕ್ಟರ್ ಟಾರ್ಚ್ ತೆಗೆದು, ಕೈಗವಸು ಬದಲಿಸಿ, "ದೊಡ್ಡದಾಗಿ ಆ ಅನ್ನಿ" ಎಂದ. ಯಾರ ಮುಂದೆ ಬಾಯಿ ತೆರೆಯುವುದಿಲ್ಲವೆಂದು ಶಪಥ ಮಾಡಿದ್ದೆನೋ ಅವನ ಮುಂದೆಯೇ ಬಾಯಿ ತೆರೆದೆ.

"ಅಬ್ಬಾ, ದೊಡ್ಡ ಹುಳುಕು. ಎಷ್ಟು ದಿನದಿಂದ ಮುಚ್ಚಿಟ್ಕೊಂಡಿದ್ರಿ?" ಎಂದು ಎರಡು ಬೆರಳು ಒಳಗೆ ಹಾಕಿ ದವಡೆ ಒತ್ತಿ ನೋಡತೊಡಗಿದ.

ಅವಳು ಅಡುಗೆಮನೆಗೆ ಹೋಗಿದ್ದಳು. ಬಾಗಿಲಿನಿಂದ ಕಾಣುತ್ತಿತ್ತು. ನಾನು ತಂದ ಜಾಡಿಗೆ ಒಲೆಯ ಮೇಲಿದ್ದ ಬಿಸಿ ಜಾಮನ್ನು ಸೌಟಿನಿಂದ ತುಂಬಿ, ಎರಡೇ ಬೆರಳಿನಲ್ಲಿ ಮುಚ್ಚಳ ತಿರುಗಿಸಿದಳು. ಕುದಿನೀರಿನ ಪಾತ್ರೆಯ ಕಡೆ ನೋಡಲೂ ಇಲ್ಲ. ತಂದು ನನ್ನ ಮುಂದಿನ ಮೇಜಿನ ಮೇಲಿಟ್ಟು, ಡಾಕ್ಟರ್ ಇದ್ದಾನೆ, ಅಜ್ಜಿ ಇದ್ದಾರೆ ಎಂಬ ಗೊಡವೆಯೇ ಇಲ್ಲದೆ ಕೇಳಿದಳು.

"ವಾರ ವಾರ ಜಾಡಿ ಹೊತ್ಕೊಂಡು ರಸ್ತೆ ದಾಟೋದು ಸಾಕಾಯ್ತು ಅನ್ಸುತ್ತೆ ನಂಗೆ. ನನ್ನ ಮದುವೆ ಆಗ್ತೀಯಾ?"

ಬಾಯಲ್ಲಿ ಡಾಕ್ಟರನ ಬೆರಳು, ಟಾರ್ಚಿನ ಬೆಳಕು, ಕಣ್ಣಲ್ಲಿ ನೀರು. ಒಂದು ವರ್ಷ ಕಾದ ಮಾತಿಗೆ ನಾನು ಹೇಳಲಾದದ್ದು ಇಷ್ಟೇ. "ಆಆಆ! ಆಆ!"

"ಏನಂತಾನೆ?" ಅಜ್ಜಿ ಕೇಳಿದರು.

ಡಾಕ್ಟರ್ ನನ್ನ ಮುಖವನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ, ಸಣ್ಣಗೆ ನಿಟ್ಟುಸಿರು ಬಿಟ್ಟ.

"ಹೂಂ ಅಂತಿದಾರೆ ಅಜ್ಜಿ," ಎಂದ. ಬೆರಳು ತೆಗೆಯದೆ, ಇನ್ನೊಂದು ಕೈಯಿಂದ ಟಾರ್ಚನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದ. ನನ್ನ ಕಣ್ಣಿಗೆ ಬೆಳಕು ಬೀಳುವುದು ನಿಂತು, ಅವಳು ಕಾಣಿಸಿದಳು.